ಬಿಳಿ ಗೆರೆಯ ಪಕ್ಕದ ಕೆಂಪು ಗೆರೆ

ಟಕ್.

ಮಿಸಾವೊ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಟಕ್.

ಹಲ್ಲಿಯಲ್ಲ. ನಲ್ಲಿಯ ಹನಿಯೂ ಅಲ್ಲ, ಹನಿಯಾದರೆ ಒಂದೇ ಲಯದಲ್ಲಿ ಬೀಳಬೇಕು. ಸದ್ದು ಬಂದದ್ದು ಅಂಗಳದ ಶೆಡ್ಡಿನಿಂದ. ಪಕ್ಕದಲ್ಲಿ ಗಂಡ ಕುನಿಹಿಕೊ ಗೊರಕೆ ಹೊಡೆಯುತ್ತಿದ್ದ. ಅವಳು ಎದ್ದು ಅಡುಗೆಮನೆಯ ದೀಪ ಹಾಕಿದಳು.

ಸದ್ದು ನಿಂತಿತು. ಕಿಟಕಿಯ ಬಳಿ ಎಷ್ಟು ಹೊತ್ತು ನಿಂತರೂ ಮತ್ತೆ ಕೇಳಲಿಲ್ಲ. ಬೆಕ್ಕಿರಬೇಕು ಎಂದುಕೊಂಡು ಮಲಗಿದಳು. ಬೆಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಕಾರು ಹೊರಡಲಿಲ್ಲ.

* * *

ಅದು ಅರವತ್ತರ ದಶಕದ ಎರಡು ಸೀಟಿನ ಕಾರು. ಬಟ್ಟೆಯ ಮಾಡನ್ನು ಮಡಚಿ ಹಿಂದಕ್ಕೆ ತಳ್ಳಿದರೆ ಮೇಲೆ ಬರೀ ಆಕಾಶ. ಕಿತ್ತಳೆ ತೋಟವೊಂದರ ಕೊಟ್ಟಿಗೆಯಲ್ಲಿ ಸಿಕ್ಕಾಗ ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಹಮಾಮಾತ್ಸುವಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಕುನಿಹಿಕೊ ಅದನ್ನು ಕೊನೆಯ ತಿರುಪಿನವರೆಗೂ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ್ದ. ನಿನ್ನೆ ಸಂಜೆ, ಕಾರ್ಖಾನೆಯಲ್ಲಿ ಅವನ ಕೈಕೆಳಗೆ ಕಲಿತ ನಿವಾ ಬಂದು ಬಟ್ಟೆಯ ಮಾಡು ಕೂರಿಸಿಕೊಟ್ಟಿದ್ದ. ಇವತ್ತು ಸರಕಾರಿ ತಪಾಸಣೆಗೆ ಓಡಿಸಿಕೊಂಡು ಹೋಗಬೇಕಿತ್ತು. ಅದಕ್ಕೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

ಬಾನೆಟ್ ಎತ್ತಿದ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಹಾಗೇ ನಿಂತುಬಿಟ್ಟ.

“ಇಲ್ಲ.”

“ಏನಿಲ್ಲ?”

“ರೋಟರ್.”

ಹೆಬ್ಬೆರಳಿನಷ್ಟು ಗಾತ್ರದ ತುಂಡು. ಅದಿಲ್ಲದಿದ್ದರೆ ಕಿಡಿ ಯಾವ ಪ್ಲಗ್ಗನ್ನೂ ಮುಟ್ಟುವುದಿಲ್ಲ. ಕುನಿಹಿಕೊ ಬೈಯಬೇಕಿತ್ತು, ಪಾನಾ ಎಸೆಯಬೇಕಿತ್ತು. ಅವನು ಮಾತ್ರ ತನ್ನ ಕೈಗಳನ್ನೇ ನೋಡಿಕೊಂಡ.

“ನಾನೇ ತೆಗೆದು ಎಲ್ಲಾದ್ರೂ ಇಟ್ನಾ, ಮಿಸಾವೊ?”

ಅವನ ಅಣ್ಣ ಈಗ ಆರೈಕೆಯ ಮನೆಯಲ್ಲಿದ್ದಾನೆ, ಕಟ್ಟಿಕೊಂಡ ಹೆಂಡತಿಯನ್ನೇ ನರ್ಸಮ್ಮ ಎಂದು ಕರೆಯುತ್ತಾನೆ. ಅವನಿಗೂ ಹೀಗೇ ಶುರುವಾಗಿತ್ತು. ಕನ್ನಡಕ ಅಕ್ಕಿ ಡಬ್ಬಿಯಲ್ಲಿ, ಚಪ್ಪಲಿ ಫ್ರಿಜ್ಜಿನಲ್ಲಿ.

“ರಾತ್ರಿ ಶೆಡ್ಡಲ್ಲಿ ಸದ್ದಾಯ್ತು ಕಣ್ರೀ. ಯಾರೋ ಕಳ್ಳ ಬಂದಿದ್ದ.”

“ಪಕ್ಕದಲ್ಲೇ ಅಷ್ಟು ಬೆಲೆಯ ಪಾನಾಗಳಿವೆ. ಅವನ್ನ ಬಿಟ್ಟು ರೋಟರ್ ಕದಿಯೋ ಕಳ್ಳನಾ? ನನ್ನ ಸಮಾಧಾನಕ್ಕೆ ಕಳ್ಳನ್ನ ಹುಟ್ಟಿಸಬೇಡ.” ಅವನು ಬಾನೆಟ್ ಮೆಲ್ಲಗೆ ಇಳಿಸಿದ. “ಅಣ್ಣನ್ನ ನೋಡೋ ಡಾಕ್ಟರಿಗೆ ಸೋಮವಾರ ಫೋನ್ ಮಾಡು. ಕಾರನ್ನ ಆ ಕಾಜಿತಾನಿಗೆ ಮಾರಿಬಿಡೋಣ. ನೆನಪು ಹೋಗೋನ ಕೈಲಿ ಸ್ಟೀರಿಂಗ್ ಇರಬಾರದು.”

ಅಂಗಿ ಬದಲಿಸಲು ಒಳಗೆ ಹೋದ.

ಮಿಸಾವೊಗೆ ಈಗ ಒಬ್ಬ ಕಳ್ಳ ಬೇಕಾಗಿದ್ದ. ನಿಜವಾದ ಕಳ್ಳ. ಸೋಮವಾರದೊಳಗೆ.

* * *

ಠಾಣೆಯ ಹುಡುಗ ಪೊಲೀಸ್ ಸೈಕಲ್ಲಿನಲ್ಲಿ ಬಂದ. ಶೆಡ್ಡಿನ ಅಗುಳಿ ನೋಡಿದ.

“ಬೀಗ ಹಾಕಲ್ವಾ ಅಮ್ಮ?”

“ಈ ಓಣಿಯಲ್ಲಿ ಯಾರು ಹಾಕ್ತಾರಪ್ಪ?”

“ಹೋಗಿದ್ದು ಎಷ್ಟು ದೊಡ್ಡದು?” ಅವಳು ಹೆಬ್ಬೆರಳು ತೋರಿಸಿದಳು. ಅವನು ನಗು ತಡೆಯಲು ಕೆಮ್ಮಿದ. “ಯಜಮಾನ್ರು ಮರೆತು ಎಲ್ಲಾದ್ರೂ...”

“ಇಲ್ಲ,” ಎಂದಳು ಮಿಸಾವೊ. ಬೇಕಾದ್ದಕ್ಕಿಂತ ಜೋರಾಗಿಯೇ.

ಕಾಜಿತಾನಿಯ ಅಂಗಡಿ ರೈಲು ನಿಲ್ದಾಣದ ಹಿಂದೆ. ಹಳೆಯ ಕಾರುಗಳ ವ್ಯಾಪಾರಿ. ಈ ಕಾರಿಗಾಗಿ ಹಬ್ಬಕ್ಕೊಮ್ಮೆ ಸಿಹಿಯ ಡಬ್ಬ ಹಿಡಿದು ಬರುತ್ತಿದ್ದ. ಕಾರು ಕೆಟ್ಟರೆ ಅಗ್ಗವಾಗಿ ಸಿಗುವುದು ಯಾರಿಗೆ? ಮಿಸಾವೊ ನೇರವಾಗಿ ಕೇಳಿಯೇಬಿಟ್ಟಳು.

ಅವನಿಗೆ ಸಿಟ್ಟು ಬರಲಿಲ್ಲ. ಕತ್ತಿಗೆ ಕಟ್ಟಿದ್ದ ಬಟ್ಟೆ ಸರಿಸಿ, ಬೆರಳ ತುದಿಯವರೆಗೂ ಪ್ಲಾಸ್ಟರ್ ಮೆತ್ತಿದ್ದ ಬಲಗೈ ತೋರಿಸಿದ.

“ನೋಡಿ ಅಕ್ಕ, ಮೂಗು ಕೆರ್ಕೊಳ್ಳೋಕೂ ಹೆಂಡ್ತೀನ ಕರೀಬೇಕು. ಆ ಮುಚ್ಚಳದ ಕ್ಲಿಪ್ ತೆಗೆಯೋಕೆ ಎರಡು ಕೈ ಬೇಕು. ನಾನು ಕಳ್ಳನೇ ಆದ್ರೆ ಅಷ್ಟು ಚಿಕ್ಕ ಕಳ್ಳ ಆಗಲ್ಲ, ಕಾರನ್ನೇ ಎತ್ಕೊಂಡು ಹೋಗ್ತೀನಿ.” ಆಮೇಲೆ ದನಿ ತಗ್ಗಿಸಿದ. “ಮಾರ್ತಾರಂತಾ?”

“ಇನ್ನೂ ಇಲ್ಲ.”

ಪಕ್ಕದ ಮನೆಯ ಹೊರಿಬೆ ಅಜ್ಜಿ ಬೇಲಿಯ ಬಳಿ ಕಾಯುತ್ತಿದ್ದಳು. ಶೆಡ್ಡಿನ ಸುತ್ತಿಗೆ ಸದ್ದಿನ ಬಗ್ಗೆ ಓಣಿಯ ಸಭೆಯಲ್ಲಿ ದೂರು ಕೊಟ್ಟವಳು ಅವಳೇ. ಮಿಸಾವೊಳ ಅನುಮಾನದ ಎರಡನೆಯ ಹೆಸರೂ ಅವಳದೇ.

“ಪೊಲೀಸ್ ಯಾಕೆ ಬಂದಿದ್ದ?”

“ರಾತ್ರಿ ಯಾರೋ ಬಂದಿದ್ರು ಅಜ್ಜಿ.”

“ನಾನು ನೋಡ್ದೆ ಬಿಡು. ತಲೆ ಮೇಲೆ ಲೈಟ್ ಕಟ್ಕೊಂಡಿದ್ದ. ನಿಮ್ಮ ಅಡುಗೆಮನೆ ದೀಪ ಹತ್ತಿದ್ದೇ ತಡ, ಆರಿಸಿ ಹೊರಗೆ ಬಂದ. ಆಮೇಲೆ ಏನು ಮಾಡ್ದ ಗೊತ್ತಾ? ಶೆಡ್ಡಿನ ಕಡೆ ತಿರುಗಿ ಸೊಂಟ ಮುರಿಯೋ ಹಾಗೆ ಬಗ್ಗಿ ನಮಸ್ಕಾರ ಮಾಡ್ದ.”

“ಕಳ್ಳ ನಮಸ್ಕಾರ ಮಾಡಿದ್ನಾ! ಯಾಕೆ ಕೂಗಲಿಲ್ಲ ನೀವು?”

“ನಿನ್ನ ಗಂಡನೇ ಅಂದ್ಕೊಂಡೆ ಕಣೇ. ಆ ತಗಡಿಗೆ ನಮಸ್ಕಾರ ಮಾಡೋ ಹುಚ್ಚ ಊರಲ್ಲಿ ಇನ್ಯಾರಿದ್ದಾನೆ?”

ಮಿಸಾವೊಗೆ ನಗು ಬಂತು, ಕಣ್ಣೂ ತುಂಬಿತು. ದೀಪ ಹತ್ತಿದಾಗ ಗಂಡ ಗೊರಕೆ ಹೊಡೆಯುತ್ತಿದ್ದುದನ್ನು ಅವಳು ಕಿವಿಯಾರೆ ಕೇಳಿದ್ದಳು. ಅಂದಮೇಲೆ ಕಳ್ಳ ಇದ್ದಾನೆ. ಆದರೆ ಕಳ್ಳನಿಗೆ ಮರ್ಯಾದೆ ಇದೆ.

* * *

ಶೆಡ್ಡಿನಲ್ಲಿ ಕುನಿಹಿಕೊ ಸಾಮಾನುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತುತ್ತಿದ್ದ. ಇನ್ನು ಬೇಡ ಎನ್ನುವವನ ಹಾಗೆ. ಉದ್ದನೆಯ ಪಾನಾ ಒಂದನ್ನು ಬೆಂಚಿನ ಬೋಲ್ಟಿಗೆ ಹಾಕಿ ಒಮ್ಮೆ ಎಳೆದು ನೋಡಿದ.

ಟಕ್.

“ಅದು! ಅದೇನ್ರೀ ಆ ಸದ್ದು?”

“ಅಳತೆ ಪಾನಾ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟಿರ್ತೀವಿ. ಅಷ್ಟಾದ ಕೂಡಲೇ ಸಾಕು ಅಂತ ಹೇಳುತ್ತೆ.”

“ಬಿಚ್ಚುವಾಗ?”

“ಬಿಚ್ಚುವಾಗ ಅದಕ್ಕೇನು ಕೆಲಸ? ಸುಮ್ಮನಿರುತ್ತೆ.”

ಮಿಸಾವೊ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು. ನೀರು ಕುದಿದು ಬತ್ತುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಕದಿಯುವವನು ಬಿಚ್ಚುತ್ತಾನೆ. ನಿನ್ನೆ ರಾತ್ರಿ ಬಂದವನು ಬಿಗಿ ಮಾಡುತ್ತಿದ್ದ.

ಮಧ್ಯಾಹ್ನ ಗಂಡ ಊಟ ಮಾಡಿ ಮಲಗಿದ ಮೇಲೆ ಅವಳು ಟಾರ್ಚ್ ಹಿಡಿದು, ನೆಲಕ್ಕೆ ರಟ್ಟು ಹಾಸಿ, ಕಾರಿನಡಿ ತೂರಿದಳು.

ಪ್ರತಿ ನಟ್ಟಿನ ಮೇಲೂ ಬಿಳಿ ಬಣ್ಣದ ಸಣ್ಣ ಗೆರೆ ಇತ್ತು. ಅದು ಕಾರ್ಖಾನೆಯ ಪದ್ಧತಿ. ಬಿಗಿ ಮಾಡಿದವನು ತಕ್ಷಣ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಿಳಿ ಗೆರೆ ಎಳೆಯಬೇಕು. ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಈ ಊರಿನ ಗಂಡಸರು ನಿವೃತ್ತರಾದರೂ ಅದನ್ನು ಬಿಡುವುದಿಲ್ಲ. ಮಿಸಾವೊಳ ಅನ್ನದ ಕುಕ್ಕರಿನ ತಿರುಪಿಗೂ ಗೆರೆಯಿದೆ.

ಎಡಗಡೆಯ ಮುಂದಿನ ಚಕ್ರದ ಹಿಂದೆ ಟಾರ್ಚ್ ನಿಂತಿತು. ಅಲ್ಲಿ ಬಿಗಿ ಮಾಡಿದಾಗ ಮುರಿದ ಬಿಳಿ ಗೆರೆಗಳ ಪಕ್ಕದಲ್ಲಿ ಹೊಸ ಕೆಂಪು ಗೆರೆಗಳಿದ್ದವು.

ಕೆಂಪು ಗೆರೆ ಬಿಗಿ ಮಾಡಿದವನದಲ್ಲ. ಪರೀಕ್ಷೆ ಮಾಡಿದವನದು. ಕುನಿಹಿಕೊನ ಬಿಳಿ ಗೆರೆಯ ಪಕ್ಕದಲ್ಲಿ ಇಡೀ ಜೀವನ ಕೆಂಪು ಗೆರೆ ಎಳೆದವನು ಒಬ್ಬನೇ. ನಿನ್ನೆ ಸಂಜೆ ಬಟ್ಟೆಯ ಮಾಡು ಕೂರಿಸಲು ಬಂದು, ಚಹಾ ಕುಡಿಯದೆ, ಮುಖ ಸಪ್ಪೆ ಮಾಡಿಕೊಂಡು ಹೋದವನು.

* * *

ನಿವಾ ತನ್ನ ಮನೆಯ ಜಗಲಿಯಲ್ಲಿ ಒಣಗಿಸಲು ಪರ್ಸಿಮನ್ ಹಣ್ಣುಗಳ ಸಿಪ್ಪೆ ತೆಗೆಯುತ್ತಿದ್ದ. ಮಿಸಾವೊ ಕೂರಲಿಲ್ಲ.

“ಕೆಂಪು ಗೆರೆ ಯಾಕೆ ಎಳೆದಿರಿ ನಿವಾ?”

ಚಾಕು ನಿಂತಿತು. ಅವನು ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ.

“ಎಳೀಬಾರದು ಅಂತ ಗೊತ್ತಿತ್ತು ಅಕ್ಕ. ಬಿಗಿ ಮಾಡಿದೆ, ಕೈ ತಾನೇ ಎಳೀತು.” ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಅವಳ ಮುಂದಿಟ್ಟ. ಒಳಗೆ ರೋಟರ್. “ಇದನ್ನ ಮೊದಲು ತೆಗೆದೆ. ರಾತ್ರಿ ಕೆಲಸ ಮುಗೀದಿದ್ರೆ ಬೆಳಿಗ್ಗೆ ಮೇಸ್ತ್ರಿ ಕಾರು ಹೊರಡಿಸಬಾರದಲ್ಲ. ಅಷ್ಟರಲ್ಲಿ ನೀವು ದೀಪ ಹಾಕಿದ್ರಿ.”

“ಎಂಥ ಕೆಲಸ?”

ನಿವಾ ತಲೆ ತಗ್ಗಿಸಿದ. “ನಿನ್ನೆ ಒಂದು ಕ್ಲಿಪ್ ಚಕ್ರದ ಹಿಂದೆ ಬಿತ್ತು. ತೆಗೆಯೋಕೆ ಕೈ ಹಾಕಿದೆ. ನಟ್ಟು ಬೆರಳಿಗೆ ತಾಗಿ ತಿರುಗಿಬಿಡ್ತು. ಗೆರೆ ಇತ್ತು ಅಕ್ಕ. ಬಿಗಿ ಇರಲಿಲ್ಲ. ಇಳಿಜಾರಲ್ಲಿ ಆ ಚಕ್ರ...” ಚಾಕುವನ್ನು ಕೆಳಗಿಟ್ಟ. “ಗೆರೆ ಅಂದ್ರೆ ಕೊಟ್ಟ ಮಾತು ಅಂತ ನನಗೆ ಕಲಿಸಿದ್ದು ಮೇಸ್ತ್ರಿ. ನಿಮ್ಮ ಗೆರೆ ಸುಳ್ಳು ಹೇಳ್ತಿದೆ ಅಂತ ಅವರ ಮುಖಕ್ಕೆ ಹೇಗೆ ಹೇಳಲಿ? ಅವರ ಅಣ್ಣನ ಕಾಯಿಲೆ ಗೊತ್ತಲ್ಲ.”

ಮಿಸಾವೊ ಈಗ ಕೂತಳು. ಬೆಳಗಿನಿಂದ ಓಡಾಡಿ ಕಳ್ಳನನ್ನು ಹಿಡಿದಿದ್ದಳು. ಕಳ್ಳ ಅವಳ ಕೈಗೆ ಡಾಕ್ಟರು ಹೇಳಬೇಕಾಗಿದ್ದ ತೀರ್ಪನ್ನೇ ಕೊಟ್ಟಿದ್ದ.

“ಬಲಗಡೆ ನೋಡಿದಿರಾ?” ಎಂದಳು.

“ಇಲ್ಲ. ಅಷ್ಟರಲ್ಲಿ ದೀಪ.”

“ಏಳಿ. ಅವರು ಏಳೋದರೊಳಗೆ ನೋಡಿಬಿಡೋಣ. ಎಷ್ಟು ಕೆಟ್ಟಿದೆ ಅಂತಾದ್ರೂ ಗೊತ್ತಾಗಲಿ.”

* * *

ಬಲಗಡೆಯ ಪ್ರತಿಯೊಂದು ನಟ್ಟೂ ಬಿಗಿ. ಹಿಂದಿನವೂ ಬಿಗಿ. ನಿವಾ ಕಾರಿನಡಿ ತೆವಳುತ್ತ “ಸರಿ... ಸರಿ...” ಎನ್ನುತ್ತಿದ್ದ. ಅವನ ದನಿ ಗೊಂದಲಕ್ಕೆ ಬೀಳುತ್ತಿತ್ತು. ಎಡಗಡೆಯ ಮುಂದಿನ ಚಕ್ರವೊಂದೇ ತಪ್ಪು. ಮರೆವು ಹೀಗೆ ಒಂದೇ ಮೂಲೆಯಲ್ಲಿ ಕೂರುತ್ತದೆಯೇ?

ಮಿಸಾವೊ ಟಾರ್ಚನ್ನು ಎಡಗಡೆಗೆ ತಿರುಗಿಸಿದಳು. ಈ ಸಲ ಕೆಂಪನ್ನು ಬಿಟ್ಟು ಬಿಳಿಯನ್ನು ನೋಡಿದಳು. ಗಂಡನ ಗೆರೆಗಳು ಅವಳಿಗೆ ಅವನ ಕೈಬರಹದಷ್ಟೇ ಪರಿಚಿತ. ಒಂದೇ ಎಳೆತ, ತುದಿ ತೆಳು. ಇಲ್ಲಿನವು ದಪ್ಪ. ಅಂದವಾಗಲೆಂದು ಮೇಲೆ ಮೇಲೆ ತೀಡಿದ ಹಾಗೆ.

“ನಿವಾ, ಇದೇನಿದು? ಈ ಕಪ್ಪು ಟೊಪ್ಪಿ?”

“ಗ್ರೀಸ್ ತೂತಿಗೆ ಧೂಳು ಹೋಗದ ಹಾಗೆ ಹಾಕೋ ರಬ್ಬರ್.”

“ಇದನ್ನ ಬಿಗಿ ಮಾಡ್ತಾರಾ?”

“ರಬ್ಬರ್ ಬಿಗಿ ಮಾಡೋದಾ? ಬೆರಳಲ್ಲಿ ಒತ್ತಿದ್ರೆ ಮುಗೀತು.”

“ಮತ್ತೆ ಇದಕ್ಕೂ ಗೆರೆ ಇದೆಯಲ್ಲ?”

ನಿವಾ ಹತ್ತಿರ ತೆವಳಿ ಬಂದು ನೋಡಿದ. ರಬ್ಬರ್ ಟೊಪ್ಪಿಯ ನೆತ್ತಿಯ ಮೇಲೆ ನೀಟಾದ ಬಿಳಿ ಗೆರೆ. ರಾತ್ರಿಯ ಗಡಿಬಿಡಿಯಲ್ಲಿ ಅವನಿಗೆ ಕಂಡಿರಲಿಲ್ಲ. ಮೊದಲು ಅವನ ಭುಜ ಕುಲುಕಿತು. ಆಮೇಲೆ ಹೊಟ್ಟೆ. ಬಾಯಿಗೆ ಎಣ್ಣೆ ಬಟ್ಟೆ ಒತ್ತಿಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಮೇಸ್ತ್ರಿ ತಲೆ ಪೂರ್ತಿ ಕೆಟ್ರೂ ರಬ್ಬರಿಗೆ ಗೆರೆ ಎಳೆಯಲ್ಲ ಅಕ್ಕ! ಗೆರೆ ಅಂದ್ರೆ ಏನು ಅಂತಲೇ ಗೊತ್ತಿಲ್ಲದವನ ಕೆಲಸ ಇದು.”

ಕಾರ್ಖಾನೆಯ ಗಂಧವಿಲ್ಲದೆ ಈ ಶೆಡ್ಡಿನಲ್ಲಿ ಕೂತೆದ್ದವನು ಒಬ್ಬನೇ. ಮಿಸಾವೊ ಒಳಗೆ ಹೋಗಿ ಮಗಳ ಮನೆಗೆ ಫೋನ್ ಮಾಡಿದಳು. ಎತ್ತಿದವನು ಅಳಿಯ ಯುಸಾಕು. ಬ್ಯಾಂಕಿನ ಕೆಲಸ, ಒಳ್ಳೆಯ ಸ್ವಭಾವ. ಮಾವನನ್ನು ಮೆಚ್ಚಿಸುವ ದಾರಿ ಇನ್ನೂ ಹುಡುಕುತ್ತಿದ್ದ.

“ಬೇಸಿಗೆ ಹಬ್ಬಕ್ಕೆ ಬಂದಾಗ ಮಾವನ ಕಾರಿನ ಕೆಲಸ ಏನಾದ್ರೂ ಮಾಡಿದ್ಯೇನಪ್ಪ?”

“ಗೊತ್ತಾಯ್ತಾ ಅತ್ತೆ?” ಅವನಿಗೆ ಖುಷಿಯೋ ಖುಷಿ. “ಅವತ್ತು ಮಾವ ಓಣಿಯ ಚರಂಡಿ ಕ್ಲೀನಿಂಗಿಗೆ ಅರ್ಧಕ್ಕೇ ಎದ್ದು ಹೋದ್ರಲ್ಲ? ಒಂದು ಕಡೆ ಬಿಳಿ ಗೆರೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಪಾಪ, ಬಿಸಿಲಲ್ಲಿ ದಣಿದು ಬರ್ತಾರೆ ಅಂತ ನಾನೇ ಎಲ್ಲಾ ಎಳೆದುಬಿಟ್ಟೆ. ಮಾವನಿಗೆ ಖುಷಿಯಾಯ್ತಾ?”

“ತುಂಬಾ,” ಎಂದಳು ಮಿಸಾವೊ. ಗೋಡೆಗೆ ಒರಗಿ ನಿಂತಿದ್ದಳು. “ಇನ್ನು ಮಾತ್ರ ಆ ಪೆನ್ನು ಮುಟ್ಟಬೇಡಪ್ಪ. ನಿನ್ನ ಮಾವನಿಗೆ ಅದು ಜಪಮಾಲೆ ಇದ್ದ ಹಾಗೆ.”

ಎಲ್ಲ ಕೂಡಿತು. ಕುನಿಹಿಕೊ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿದ್ದ. ಪಾನಾ ಹಾಕುವ ಮೊದಲೇ ಚರಂಡಿಗೆ ಕರೆ ಬಂತು. ಮರಳಿ ಬಂದಾಗ ಗೆರೆಗಳಿದ್ದವು. ಆ ಕಾರ್ಖಾನೆಯವರು ಗೆರೆ ಕಂಡಮೇಲೆ ಮತ್ತೆ ಪಾನಾ ಹಿಡಿಯುವುದಿಲ್ಲ. ಅವನೂ ಹಿಡಿಯಲಿಲ್ಲ. ಅವನು ಮರೆತದ್ದು ಏನೂ ಇರಲಿಲ್ಲ. ನಂಬಿದ್ದ, ಅಷ್ಟೇ.

* * *

ಉಳಿದದ್ದು ರೋಟರ್.

“ಪಾನಾ ಡಬ್ಬದ ಮೂಲೆಗೆ ಹಾಕಿಬಿಡೋಣ,” ಎಂದ ನಿವಾ.

“ಬೇಡ. ಅಲ್ಲಿ ಸಿಕ್ಕಿದ್ರೆ ತಾನೇ ಇಟ್ಟು ಮರೆತೆ ಅಂತಾರೆ. ಅವರಿಗೆ ಕಳ್ಳ ಬೇಕು.”

ನಿವಾ ಥಿನ್ನರಿನ ಬಟ್ಟೆ ಹಿಡಿದು ಕೆಂಪು ಗೆರೆಗಳನ್ನು ಒಂದೊಂದಾಗಿ ಒರೆಸಿದ. ತಾನೇ ಎಳೆದ ಗೆರೆಯನ್ನು ತಾನೇ ಅಳಿಸಿದ್ದು ಅವನ ಬದುಕಿನಲ್ಲಿ ಇದೇ ಮೊದಲು. ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿದ್ದ. ಮುರಿದ ಬಿಳಿ ಗೆರೆಗಳನ್ನೂ ಒರೆಸಿ, ಮೇಸ್ತ್ರಿಯ ಹಾಗೆ ಒಂದೇ ಎಳೆತದಲ್ಲಿ ಹೊಸದಾಗಿ ಎಳೆದ. ರಬ್ಬರಿನ ಬಿಳಿ ಗೆರೆಯನ್ನು ಮಿಸಾವೊ ಉಗುರಿನಿಂದ ಕೆರೆದಳು.

ಸಂಜೆ ಪೇಪರ್ ತರಲು ಹೋದ ಕುನಿಹಿಕೊ ಅಂಚೆಪೆಟ್ಟಿಗೆಯ ಬಳಿಯಿಂದ ಕೂಗಿದ.

“ಮಿಸಾವೊ! ಬಾ ಇಲ್ಲಿ! ಕಳ್ಳ! ನಿಜವಾಗ್ಲೂ ಕಳ್ಳ ಕಣೇ!”

ಕರವಸ್ತ್ರದಲ್ಲಿ ಸುತ್ತಿದ ರೋಟರನ್ನು ಎತ್ತಿ ಹಿಡಿದಿದ್ದ. ಕಳ್ಳತನವಾದದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ಹೊರಿಬೆ ಅಜ್ಜಿ ಜನ್ಮದಲ್ಲಿ ನೋಡಿರಲಿಲ್ಲ. ಬೇಲಿಯ ಮೇಲಿಂದ ಹಾಗೆಂದು ಹೇಳಿಯೂ ಹೇಳಿದಳು. ಅವನು ಅವಳಿಗೂ ತಲೆಬಾಗಿದ.

ಮುಂದಿನ ವಾರ ಕಾರು ತಪಾಸಣೆಯಲ್ಲಿ ಪಾಸಾಯಿತು. ಮಾಡು ಮಡಚಿ, ಹಮಾನಾ ಸರೋವರದ ದಂಡೆಯ ದಾರಿಯಲ್ಲಿ ಮನೆಗೆ ಹೊರಟರು. ಮಿಸಾವೊ ತಲೆಗೆ ವಸ್ತ್ರ ಕಟ್ಟಿಕೊಂಡಿದ್ದಳು. ನೀರಿನ ಮೇಲಿನ ಗಾಳಿಯಲ್ಲಿ ಹಾವುಮೀನು ಸುಡುವ ವಾಸನೆಯಿತ್ತು.

“ಯಾರಿರಬಹುದು ಅಂತೀಯ?” ಎಂದ ಕುನಿಹಿಕೊ. “ಆ ಕಾಜಿತಾನಿ?”

“ಕೈಗೆ ಪ್ಲಾಸ್ಟರ್ ಹಾಕ್ಕೊಂಡವನ ಮೇಲೆ ಯಾಕ್ರೀ ಪಾಪ ಹೊರಿಸ್ತೀರ? ಅವನಲ್ಲ.”

“ಮತ್ತ್ಯಾರು? ನೀನು ಏನೋ ಕಂಡುಹಿಡಿದಿರ್ತೀಯ. ನಿನ್ನ ಕಣ್ಣು ನನಗೆ ಗೊತ್ತಿಲ್ವಾ?”

ಮಿಸಾವೊ ಅವನ ಕೈಗಳನ್ನು ನೋಡಿದಳು. ಸ್ಟೀರಿಂಗ್ ಮೇಲೆ ಅವು ಅಲುಗದೆ ಕೂತಿದ್ದವು. ಹೇಳಿದರೆ ಮಗಳ ಗಂಡ ಮತ್ತೆ ಆ ಶೆಡ್ಡಿನೊಳಗೆ ಕಾಲಿಡಲು ಹೆದರುತ್ತಾನೆ. ನಿವಾ ಮತ್ತೆ ಚಹಾ ಕುಡಿಯಲು ಬರುವುದಿಲ್ಲ. ಈ ಮನುಷ್ಯ ಇನ್ನೆಂದೂ ಒಂದು ಬಿಳಿ ಗೆರೆಯನ್ನು ನಂಬುವುದಿಲ್ಲ. ನಿವಾನ ಬಾಯಿಂದ ಅದು ಬರುವುದಿಲ್ಲ ಎಂದು ಅವಳಿಗೆ ಗೊತ್ತು. ತನ್ನ ಬಾಯಿಂದಲೂ ಬೇಡ. ಮಗಳಿಗೂ ಬೇಡ, ಠಾಣೆಯ ಹುಡುಗನಿಗೂ ಬೇಡ, ಯಾರಿಗೂ ಬೇಡ.

“ನನಗೇನು ಗೊತ್ತು?” ಎಂದಳು. “ತಿರುವು ಬಂತು, ರಸ್ತೆ ನೋಡಿ ಓಡಿಸಿ.”