ಮಾವ ಅನ್ನಬ್ಯಾಡ

ಜಮಖಂಡಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಗಂಡ ಹೆಂಡತಿ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಮಾಂತೇಶ ಬನಹಟ್ಟಿಯಿಂದ ಬಂದಿದ್ದ, ಶೀತಲ್ ಚಿಮ್ಮಡದ ತವರಿನಿಂದ.

ಅವನು ಕದ್ದು ನೋಡಿದ. ಸೊರಗಿದ್ದಳು. ಅವಳು ಇತ್ತ ತಿರುಗಿದ್ದೇ ತಡ, ಮೇಲಿನ ಫ್ಯಾನನ್ನು ಭಾರಿ ಗಮನವಿಟ್ಟು ನೋಡತೊಡಗಿದ. ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಮೊದಲಾಗಿದ್ದರೆ ಈ ಪೆದ್ದುತನಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಶೀತಲ್ ಅವನ ಸೋದರತ್ತೆಯ ಮಗಳು. ಚಿಕ್ಕಂದಿನಿಂದ ಅವನು ಅವಳಿಗೆ ಮಾವ. ಮದುವೆಯಾದ ಮೇಲೂ ಮನೆಯ ಪವರ್‌ಲೂಮಿನ ಸದ್ದು ಮೀರಿಸಿ "ಮಾವಾ" ಎಂದು ಊಟಕ್ಕೆ ಕೂಗುತ್ತಿದ್ದಳು. ಓಣಿಯೆಲ್ಲ ನಗುತ್ತಿತ್ತು, ಅವನಿಗೆ ಅದೇ ಹಿಗ್ಗು.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಡಾಕ್ಟರ್ ಮನೀಷಾ ಕೂಸಿನ ತೊಡೆಯ ಎಲುಬನ್ನು ಮತ್ತೆ ಮತ್ತೆ ಅಳೆದಿದ್ದರು. ಎಲುಬು ತೀರ ಗಿಡ್ಡವಿತ್ತು, ಬಾಗಿತ್ತು. ಎದೆಗೂಡು ಎಷ್ಟು ಇಕ್ಕಟ್ಟೆಂದರೆ ಶ್ವಾಸಕೋಶ ಬೆಳೆಯಲು ಜಾಗವಿರಲಿಲ್ಲ. ಹುಟ್ಟಿದರೂ ಉಳಿಯದು ಎಂದರು, ಗರ್ಭದ ನೀರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವ ಮೊದಲೇ ಕೂಸು ಹೊಟ್ಟೆಯಲ್ಲೇ ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಲಗಿದ್ದಲ್ಲಿಂದಲೇ "ಮಾವಾ, ನೀರು" ಎಂದಳು. ನೀರು ಕೊಟ್ಟು ಅವನು ಹೇಳಿದ್ದು ಒಂದೇ ಮಾತು.

"ಇನ್ನ ಮ್ಯಾಲೆ ನನಗ ಮಾವ ಅನ್ನಬ್ಯಾಡ."

ಮರುದಿನ ತವರಿಗೆ ಬಿಟ್ಟುಬಂದ. ಅಂಥ ಕೂಸು ಹೊತ್ತ ನಾನು ಅವನಿಗೆ ಬೇಡವಾದೆ ಎಂದುಕೊಂಡು ಅವಳು ಚಿಮ್ಮಡದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಬನಹಟ್ಟಿಯಲ್ಲಿ ಊಟಕ್ಕೆ ಕೂಗುವವರಿಲ್ಲದೆ ಅವನು ಮಗ್ಗ ನಿಲ್ಲಿಸುವುದನ್ನೇ ಮರೆಯತೊಡಗಿದ. ಮನೆ ತುಂಬ ಸದ್ದು, ಆದರೂ ಮನೆ ಖಾಲಿ.

ಈಗ ಪರೀಕ್ಷೆಯ ವರದಿ ಬಂದಿತ್ತು. ಡಾಕ್ಟರ್ ಇಬ್ಬರನ್ನೂ ಒಳಗೆ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಮಾಂತೇಶ ಕೇಳಿಬಿಟ್ಟ.

"ಅತ್ತಿ ಮಗಳನ್ನ ಮಾಡ್ಕೊಂಡಿದ್ದಕ್ಕ ಹಿಂಗಾತಲ್ರೀ?"

"ಅಲ್ರೀ. ಇದು ಸಂಬಂಧದಾಗ ಮದುವಿ ಆಗಿದ್ದಕ್ಕ ಬಂದದ್ದಲ್ಲ. ಕೂಸಿನ ಜೀನಿನಾಗ ಹೊಸದಾಗಿ ಆದ ಬದಲಾವಣಿ, ಯಾರಿಗರೆ ಆಗಬಹುದಿತ್ತು. ಮತ್ತ ಆಗೂದು ಭಾಳ ಅಪರೂಪ."

ಶೀತಲ್ ಗಂಡನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಅವನನ್ನು ತಡೆದಳು.

"ಅದಕ್ಕ ನನ್ನ ದೂರ ಮಾಡಿದ್ದೇನು?"

"ನೀ ಮಾವ ಅಂದಾಗೊಮ್ಮೆ, ಆ ಕೂಸಿನ ಎಲುಬು ನಾನ ಬಗ್ಗಿಸೀನಿ ಅನಸ್ತಿತ್ತು. ನಿನಗ ಇನ್ನೊಮ್ಮೆ ಅಂಥಾ ಸಂಕಟ ಬರೂದು ನನಗ ಬ್ಯಾಡಾಗಿತ್ತು."

"ನಾ ಬ್ಯಾಡಾಗೀನಿ ಅಂತ ತಿಳಿದಿದ್ದೆ," ಎಂದು ಅವಳು ಸೆರಗು ಬಾಯಿಗೊತ್ತಿಕೊಂಡಳು.

ಮನೆಗೆ ಬಾ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ನಡೆದರು. ಬನಹಟ್ಟಿ ಬಸ್ಸು ಬಂದದ್ದೇ ಜನ ಮುಗಿಬಿದ್ದರು, ಆ ನೂಕಿನಲ್ಲಿ ಅವನು ಒಳಗೆ ಬಂದು ಬಿದ್ದ, ಅವಳು ಕೆಳಗೇ ಉಳಿದಳು. ಕಿಟಕಿಯ ಬಳಿ ಕೂತು, ಹೊರಗೆ ನೋಡಲಾರದೆ ತಲೆ ತಗ್ಗಿಸಿದ.

ಕೆಳಗಿನಿಂದ ಕೂಗು ಬಂತು, ಮಗ್ಗದ ಸದ್ದು ಮೀರಿಸುತ್ತಿದ್ದ ಅದೇ ದನಿ.

"ಮಾವಾ, ನನಗೂ ಸೀಟ್ ಹಿಡಿ."

ಮಾಂತೇಶ ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕದ ಸೀಟಿಗೆ ಹಾಸಿದ. ಕಣ್ಣೊರೆಸಿಕೊಳ್ಳಲು ಕೈಯಲ್ಲಿ ಬೇರೇನೂ ಇರಲಿಲ್ಲ.