ಎ ಕಡೆ, ಬಿ ಕಡೆ ಮತ್ತು ಆರು ಮೊಟ್ಟೆ

"ಕೋಳಿನ ಎಬ್ಬಿಸು."

"ಎಬ್ಬಿಸಲ್ಲ."

"ಎಬ್ಬಿಸೇ! ಅದರ ಹೊಟ್ಟೆ ಕೆಳಗೆ ಏನಿದೆ ಅಂತ ನಂಗೆ ಗೊತ್ತು."

ಲುವಾ ಬುಟ್ಟಿಗೆ ಅಡ್ಡಲಾಗಿ ನಿಂತಳು. ಅಡುಗೆಮನೆಯ ಹಿಂದೆ, ಒಣಹುಲ್ಲು ಹಾಸಿದ ಬಿದಿರು ಬುಟ್ಟಿಯಲ್ಲಿ ಕಂದು ಕೋಳಿ ಕಾವಿಗೆ ಕೂತಿತ್ತು. ಎದುರಿಗೆ ನಿಂತಿದ್ದವಳು ದಾವೊ, ಬಾತುಗಳ ಯಜಮಾನನ ಮಗಳು. ಅವಳ ಪ್ಯಾಂಟು ಮೊಣಕಾಲಿನವರೆಗೂ ಕೆಸರು. ಕೈಯಲ್ಲಿದ್ದ ತಂತಿಬುಟ್ಟಿಯಲ್ಲಿ ಮೂರೇ ಮೂರು ಮೊಟ್ಟೆ.

"ಕೋಳಿ ಕೆಳಗೆ ಕೋಳಿ ಮೊಟ್ಟೆ ಇರತ್ತೆ, ಇನ್ನೇನು ಇರತ್ತೆ?" ಅಂದಳು ಲುವಾ.

"ಹೌದಾ? ನಿಮ್ಮೂರ ಕೋಳಿ ಹಸಿರು ಮೊಟ್ಟೆ ಇಡತ್ತಾ?"

ಲುವಾ ತಿರುಗಿ ನೋಡಿದಳು. ಕೋಳಿಯ ರೆಕ್ಕೆಯ ಅಂಚಿನಿಂದ ತಿಳಿಹಸಿರು ಮೊಟ್ಟೆಯೊಂದು ಅರ್ಧ ಇಣುಕುತ್ತಿತ್ತು. ಕೋಳಿ ಇಬ್ಬರನ್ನೂ ಗುರಾಯಿಸಿ ಅದನ್ನು ಕೊಕ್ಕಿನಿಂದ ಒಳಗೆ ಎಳೆದುಕೊಂಡಿತು.

ಮೆಕಾಂಗ್ ಬಯಲಿನಲ್ಲಿ ಎಲ್ಲಿ ಕೊಯ್ಲು ಮುಗಿಯುತ್ತದೋ ಅಲ್ಲಿಗೆ ಬಾತುಗಳು ಬರುತ್ತವೆ. ಲುವಾಳ ಅಪ್ಪನ ಗದ್ದೆಯಲ್ಲಿ ಕೊಯ್ಲಾದ ಮಾರನೆಯ ದಿನವೇ ದಾವೊಳ ಅಪ್ಪ ಅಮ್ಮ ದೊಡ್ಡ ದೋಣಿಯಲ್ಲಿ ನೂರಾರು ಬಾತುಗಳನ್ನು ತಂದು ಇಳಿಸಿದ್ದರು. ಉದುರಿದ ಭತ್ತ, ಕೂಳೆಯ ನಡುವಿನ ಬಸವನಹುಳು ಎಲ್ಲ ಬಾತುಗಳ ಪಾಲಿಗೆ. ಬಾತುಗಳು ಬೆಳಕು ಹರಿಯುವ ಮೊದಲೇ ದೊಡ್ಡಿಯಲ್ಲಿ ಮೊಟ್ಟೆ ಇಟ್ಟು ಮುಗಿಸುತ್ತವೆ. ಆದರೆ ಕೆಲವು ಸೋಮಾರಿ ಬಾತುಗಳು ಹಗಲಲ್ಲಿ, ಗದ್ದೆಯ ನಡುವೆ, ನಡೆಯುತ್ತ ನಡೆಯುತ್ತ ಮೊಟ್ಟೆ ಬೀಳಿಸಿ ಹಿಂದೆ ನೋಡದೆ ಹೋಗಿಬಿಡುತ್ತವೆ.

ಲುವಾ ಆರಿಸಿದ್ದು ಅಂಥ ಮೊಟ್ಟೆಗಳನ್ನೇ. ಸ್ಕೂಲಿಂದ ಬಂದವಳೇ ಚೀಲ ಎಸೆದು ಗದ್ದೆಗೆ ಇಳಿದು, ಒಂದೊಂದಾಗಿ ಆರು. ಕಂದು ಕೋಳಿ ಖಾಲಿ ಬುಟ್ಟಿಯಲ್ಲೇ ಕಾವಿಗೆ ಕೂತು ಹಟ ಹಿಡಿದಿತ್ತು. "ಹೇಗೂ ಕೂತಿದೆ, ಬೇಕಾದ್ರೆ ಇಡು. ಆದರೆ ನೋಡ್ಕೊಳ್ಳೋದು ನಿನ್ನ ಕೆಲಸ, ನನ್ನದಲ್ಲ" ಎಂದಿದ್ದಳು ಅಮ್ಮ. ಅಂದಿನಿಂದ ಲುವಾಗೆ ಕ್ಲಾಸಿನಲ್ಲೂ ಬಾತುಮರಿಗಳದೇ ಯೋಚನೆ. ಮನೆಯಲ್ಲಿ ಅಕ್ಕನ ಸೈಕಲ್ಲಿತ್ತು, ಅಪ್ಪನ ಎಮ್ಮೆಯಿತ್ತು, ಅಮ್ಮನ ಕೋಳಿಗಳಿದ್ದವು. ಅವಳದು ಅಂತ ಉಸಿರಾಡುವ ಒಂದು ಜೀವವೂ ಇರಲಿಲ್ಲ.

"ಗದ್ದೆ ನಮ್ಮದು. ಕೊಯ್ಲಾದ ಮೇಲೆ ಬಿದ್ದದ್ದು ಆರಿಸಿದವರಿಗೆ. ತೆನೆ ಆದ್ರೂ ಅಷ್ಟೇ, ಮೀನಾದ್ರೂ ಅಷ್ಟೇ," ಅಂದಳು ಲುವಾ.

"ಬಾತು ನಮ್ಮದು. ದೊಡ್ಡಿಯ ಮೊಟ್ಟೆ ಅಮ್ಮನ ಕೆಲಸ, ಬಿದ್ದ ಮೊಟ್ಟೆ ನನ್ನ ಕೆಲಸ. ಮೂರು ದಿನದಿಂದ ಬುಟ್ಟಿ ಹಗುರ. ನಾನು ಮರದ ಕೆಳಗೆ ನಿದ್ದೆ ಹೊಡೀತೀನಿ ಅಂತ ಅಪ್ಪ ಬೈತಾನೆ. ನಾಳೆಯಿಂದ ಗದ್ದೆಗೇ ಬಿಡಲ್ವಂತೆ. ದೋಣಿಯಲ್ಲಿ ಕೂತು ಪಾಪುನ ನೋಡ್ಕೋಬೇಕಂತೆ!" ದಾವೊಳ ದನಿ ಅಲ್ಲಿಗೆ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಅವಳು ಇನ್ನೂ ಜೋರಾಗಿ ಕೂಗಿದಳು. "ಎಬ್ಬಿಸೇ ಕೋಳಿನ, ಕಳ್ಳೀ!"

"ಯಾರೇ ಕಳ್ಳಿ?"

ಆ ಕೂಗಿಗೆ ಮುಂಬಾಗಿಲ ಕಡೆಯಿಂದ ದೊಡ್ಡವರೆಲ್ಲ ಬಂದರು. ಲುವಾಳ ಅಪ್ಪ, ದಾವೊಳ ಅಪ್ಪ, ಅವರ ಹಿಂದೆ ಟೀ ಲೋಟ ಹಿಡಿದುಕೊಂಡೇ ಎರಡನೇ ಅಜ್ಜ. ಮನೆಯಲ್ಲಿ ಎಷ್ಟನೆಯವರಾಗಿ ಹುಟ್ಟಿದರೋ ಊರಿಗೆಲ್ಲ ಅದೇ ಹೆಸರಾದ್ದರಿಂದ ಲುವಾಳ ಅಪ್ಪ ಮೂರನೇ ಅಣ್ಣ, ದಾವೊಳ ಅಪ್ಪ ಲುವಾಗೆ ಏಳನೇ ಮಾವ. ಎರಡನೇ ಅಜ್ಜ ಊರಿನ ಮುಖ್ಯಸ್ಥ. ಗದ್ದೆಗೆ ಬಾತು ಬಿಡುವ ಕರಾರಿಗೆ ಸಾಕ್ಷಿಯೆಂದು ಸೈ ಹಾಕಿದವನು ಅವನೇ.

ಹುಡುಗಿಯರಿಬ್ಬರೂ ಒಟ್ಟಿಗೆ ಮಾತಾಡಿದರು. ದೊಡ್ಡವರಿಗೆ "ಮೊಟ್ಟೆ" ಎನ್ನುವುದೊಂದು ಬಿಟ್ಟು ಏನೂ ಅರ್ಥವಾಗಲಿಲ್ಲ.

"ಕಾಗದ ತಗೊಂಡು ಬಾ ಮೂರನೇ ಅಣ್ಣಾ, ಅದರಲ್ಲೇನಿದೆಯೋ ನೋಡೋಣ," ಅಂದ ಏಳನೇ ಮಾವ.

ಲುವಾಳ ಅಪ್ಪ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಕಾಗದ ತಂದು ಗಟ್ಟಿಯಾಗಿ ಓದಿದ. ಎ ಕಡೆಯವರು, ಅಂದರೆ ಗದ್ದೆಯವರು, ಬಾತುಗಳು ಹೋಗುವ ತನಕ ಕೂಳೆಗೆ ಬೆಂಕಿ ಹಾಕಬಾರದು. ಗದ್ದೆಯಲ್ಲಿ ನೀರು ನಿಲ್ಲಿಸಬೇಕು. ವಿಷ ಸಿಂಪಡಿಸಬಾರದು. ಬಿ ಕಡೆಯವರು, ಅಂದರೆ ಬಾತಿನವರು, ಬಾತುಗಳನ್ನು ಪಕ್ಕದ ಬಿತ್ತಿದ ಗದ್ದೆಗೆ ಬಿಡಬಾರದು. ಬಾತು ತುಳಿದು ಬದು ಕುಸಿದರೆ ಕಟ್ಟಿಕೊಡಬೇಕು. ಹೊರಡುವ ದಿನ ಎ ಕಡೆಯವರಿಗೆ ಒಂದು ಜೊತೆ ಬಾತು.

ಅಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಿದ್ದ ಮೊಟ್ಟೆಯ ಸುದ್ದಿಯೇ ಇರಲಿಲ್ಲ.

"ಹೋಗ್ಲಿ ಬಿಡು, ಮಗು ಇಟ್ಕೊಳ್ಳಲಿ," ಅಂದ ಏಳನೇ ಮಾವ ನಾಚಿಕೊಂಡು.

"ಛೆ ಛೆ, ವಾಪಸ್ ಕೊಡ್ತಾಳೆ," ಅಂದ ಅಪ್ಪ.

"ಬೇಡಣ್ಣಾ, ಆರು ಮೊಟ್ಟೆಗೆ ಏನು!"

"ಅಲ್ಲ, ಕೊಡಬೇಕು ತಾನೆ!"

ಅವರಿಬ್ಬರೂ ನಕ್ಕರು. ಹುಡುಗಿಯರಿಬ್ಬರೂ ನಗಲಿಲ್ಲ. ದೊಡ್ಡವರು ಹೀಗೆ ನಗುನಗುತ್ತ ಮುಗಿಸಿದ ಜಗಳ ನಿಜವಾಗಿ ಮುಗಿದಿರುವುದಿಲ್ಲ ಎಂದು ಲುವಾಗೆ ಗೊತ್ತಿತ್ತು.

ಎರಡನೇ ಅಜ್ಜ ಆಕಳಿಸಿದ. ಅವನ ಮಧ್ಯಾಹ್ನದ ನಿದ್ದೆ ಹಾಳಾಗಿತ್ತು. "ಮೊಟ್ಟೆ ಜಗಳ ಯಾರದೋ ಅವರೇ ಕಾಗದ ಬರ್ಕೊಳ್ಳಲಿ. ಮೊದಲು ಯಾರೇನು ಮಾಡ್ತೀರಿ ಅಂತ ಬರೀರಿ. ಯಾರಿಗೆಷ್ಟು ಅನ್ನೋದು ಕೊನೇಲಿ. ಅದನ್ನ ಮೊದಲು ಬರೆದ್ರೋ, ಸಂಜೆವರೆಗೂ ಹೊಡೆದಾಡ್ತೀರಿ," ಎಂದು ಹೇಳಿ ತೂಗುಮಂಚದ ಕಡೆ ನಡೆದ.

ಏಳನೇ ಮಾವ ಮಾತ್ರ ಅಲ್ಲೇ ನಿಂತಿದ್ದ. ಅವನು ಮಗಳ ಬುಟ್ಟಿ ನೋಡಿದ, ಕೋಳಿಯನ್ನು ನೋಡಿದ. "ಹಂಗಾದ್ರೆ ನೀನು ನಿದ್ದೆ ಹೊಡೀತಿರಲಿಲ್ಲ," ಅಂದ.

"ಇಲ್ಲ ಅಂತ ದಿನಾ ಹೇಳ್ತಾನೇ ಇದೀನಿ!"

"ಹೂಂ," ಅಂದ ಏಳನೇ ಮಾವ. ಅವಳ ಓಲೆ ಟೋಪಿಯನ್ನು ಸರಿಮಾಡಿ ಹೊರಟುಹೋದ.

ಲುವಾ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದಳು. ನೇರವಾಗಿ ಗೆರೆ ಎಳೆದು, ಎಡಕ್ಕೆ "ಎ ಕಡೆ: ಲುವಾ", ಬಲಕ್ಕೆ "ಬಿ ಕಡೆ: ದಾವೊ" ಎಂದು ಬರೆದಳು. ಅಮ್ಮ ಅಲ್ಲೇ ಮೀನು ಸ್ವಚ್ಛ ಮಾಡುತ್ತ ಕೂತಿದ್ದಳು.

"ಮೊದಲನೇ ಪಾಯಿಂಟು. ನಾಳೆಯಿಂದ ಬಿದ್ದ ಮೊಟ್ಟೆಯೆಲ್ಲ ನಿನ್ನ ಬುಟ್ಟಿಗೆ. ನಾನು ಒಂದೂ ಮುಟ್ಟಲ್ಲ," ಅಂದಳು ಲುವಾ.

"ಈ ಆರು?"

"ಅದು ಕೋಳಿ ಕೆಳಗೇ ಇರಲಿ. ಕಾವು ಹತ್ತಿದೆ, ಈಗ ತೆಗೆದ್ರೆ ಕೆಟ್ಟುಹೋಗಿ ಯಾರಿಗೂ ಇಲ್ಲ. ಬರೀಲಾ?"

ದಾವೊ ಯೋಚಿಸಿ, "ಬರಿ" ಅಂದಳು.

ಬರೆಯುವುದೆಂದರೆ ಲುವಾಗೆ ಇಷ್ಟ. ಅಕ್ಷರ ದುಂಡಗೆ. ಬರೆಯುತ್ತ ಬರೆಯುತ್ತ ಪೆನ್ನು ತಾನಾಗಿ ಬಲಗಡೆಗೆ ವಾಲತೊಡಗಿತು. ಕೋಳಿಗೆ ದಿನಾ ಬಸವನಹುಳು ತರುವುದು ಬಿ ಕಡೆ. ಅದನ್ನು ಜಜ್ಜಿ ಹಾಕುವುದು ಬಿ ಕಡೆ. ಹುಲ್ಲು ಬದಲಿಸುವುದು ಬಿ ಕಡೆ. ಹಾವು ಬರದ ಹಾಗೆ ಸುತ್ತ ಮುಳ್ಳು ಇಡುವುದು ಬಿ ಕಡೆ. ಎ ಕಡೆಯಲ್ಲಿ "ಬುಟ್ಟಿ ಮತ್ತು ಕೋಳಿ ಕೊಡುವುದು" ಅಂತ ಒಂದೇ ಸಾಲಿತ್ತು.

ದಾವೊ ಪ್ರತಿ ಸಾಲನ್ನೂ ಬೆರಳಿಟ್ಟು ನಿಧಾನವಾಗಿ ಓದಿದಳು. ಅವಳು ಮೂರನೇ ಕ್ಲಾಸನ್ನು ಮೂರು ಊರಿನಲ್ಲಿ ಓದಿದ್ದಳು. ಒಂದೊಂದಕ್ಕೂ ತಲೆಯಾಡಿಸಿದಳು. "ಇದಾಗತ್ತೆ. ಇದೂ ಆಗತ್ತೆ. ಮುಳ್ಳು ನಾಳೆನೇ ತರ್ತೀನಿ."

"ಕೊನೇ ಪಾಯಿಂಟು. ಮರಿ ಒಡೆಯೋ ದಿನ ಬಿ ಕಡೆಯವರು ಹಾಜರಿರಬೇಕು."

ದಾವೊ ಬೆರಳು ತೆಗೆದಳು. "ಇದಕ್ಕೆ ಸೈ ಹಾಕಲ್ಲ."

"ಯಾಕೆ?"

"ಬಾತುಮರಿ ಆಗೋಕೆ ನಾಲ್ಕು ವಾರ ಬೇಕು. ನಾವು ಅಷ್ಟರಲ್ಲಿ ಹೊರಟಿರ್ತೀವಿ. ಲಾಂಗ್ ಮೀ ಕಡೆ ಕೊಯ್ಲು ಶುರುವಾದ್ರೆ ಅಲ್ಲಿಗೆ, ಇಲ್ಲಾಂದ್ರೆ ಇನ್ನೆಲ್ಲಿಗೋ. ಅಪ್ಪನಿಗೇ ಗೊತ್ತಿರಲ್ಲ. ಆಗದೇ ಇರೋದಕ್ಕೆ ಸೈ ಹಾಕಿದ್ರೆ ಅಪ್ಪ ಕಾಲು ಮುರೀತಾನೆ."

ಲುವಾ ಪೆನ್ನಿನ ತುದಿ ಕಚ್ಚಿದಳು. ಈ ಸಾಲು ಹೀಗೇ ಇದ್ದರೆ ಏನಾಗುತ್ತದೆಂದು ಅವಳಿಗೆ ಥಟ್ಟನೆ ಹೊಳೆದಿತ್ತು. ಆ ದಿನ ಬಿ ಕಡೆಯವರು ಹಾಜರಿರುವುದಿಲ್ಲ. ಆಗ ಕರಾರು ಮುರಿದವರು ಅವರೇ ಆಗಿ, ಮರಿಗಳೆಲ್ಲ ಎ ಕಡೆಗೆ. ಯಾರೂ ಅವಳನ್ನು ಕಳ್ಳಿ ಅನ್ನುವ ಹಾಗಿಲ್ಲ, ಕಾಗದದಲ್ಲೇ ಇರುತ್ತದೆ. "ಬರೀ ಫಾರ್ಮಾಲಿಟಿ, ಹಾಕು" ಅಂದರೆ ಸಾಕು, ದಾವೊ ಹಾಕಿದರೂ ಹಾಕಬಹುದು.

ದಾವೊ ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೋಳಿಯ ಕಾಲಿಗೆ ಅಂಟಿದ್ದ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಅದು ಅವಳಿಗೆ ಯಾರೂ ಹೇಳಿದ ಕೆಲಸವಲ್ಲ, ಯಾವ ಸಾಲಿನಲ್ಲೂ ಇರಲಿಲ್ಲ.

ಲುವಾ ಹಾಳೆಯನ್ನು ಮುದುರಿದಳು. ಇನ್ನೊಂದು ಹಾಳೆ ಹರಿದಳು.

"ಸರಿ, ನೀನು ಇರೋವರೆಗೆ ಏನೇನು ಆಗತ್ತೆ? ಅಷ್ಟೇ ಹೇಳು."

"ಹುಳು ತರ್ತೀನಿ. ಆಮೇಲೆ... ಮೊಟ್ಟೆ ಒಳಗೆ ಜೀವ ಇದೆಯಾ ಇಲ್ವಾ ನೋಡಿಕೊಡ್ತೀನಿ. ಒಂದು ವಾರ ಆಗ್ಬೇಕು, ಟಾರ್ಚು ಬೇಕು."

"ಟಾರ್ಚು ಎ ಕಡೆ," ಅಂತ ಲುವಾ ಬರೆದುಕೊಂಡಳು. ಉಳಿದದ್ದನ್ನೂ ತನ್ನ ಕಡೆಗೇ ಬರೆದಳು. ಹುಲ್ಲು, ಮುಳ್ಳು, ನೀರು, ಮರಿಗಳಿಗೆ ನುಚ್ಚು. ಈ ಸಲ ಎಡಗಡೆ ಉದ್ದವಾಯಿತು. ಅದನ್ನು ನೋಡಿ ಅವಳಿಗೆ ಸ್ವಲ್ಪ ಸಂಕಟವೂ ಆಯಿತು.

"ಈಗ ಯಾರಿಗೆಷ್ಟು. ಅರ್ಧ ಅರ್ಧ. ನಿನ್ನ ಮರಿಗಳ ಕಾಲಿಗೆ ಕೆಂಪು ದಾರ ಕಟ್ತೀನಿ. ಮತ್ತೆ ಕೊಯ್ಲಿಗೆ ನೀನು ಬರೋವರೆಗೆ ನಾನೇ ಸಾಕ್ತೀನಿ."

ಅಮ್ಮ ಮೀನಿನಿಂದ ತಲೆ ಎತ್ತದೆ ಕೇಳಿದಳು. "ಒಂದು ಸತ್ತರೆ?"

"ಅಂದ್ರೆ?"

"ಮರಿ ಅಂದ ಮೇಲೆ ಒಂದೋ ಎರಡೋ ಸಾಯತ್ತೆ, ಪುಟ್ಟಿ. ಸತ್ತಿದ್ದು ಯಾರದು?"

"ದಾರ ಇದ್ರೆ ಅವಳದು, ಇಲ್ಲಾಂದ್ರೆ ನನ್ನದು. ಅಷ್ಟೇ ತಾನೆ?"

ದಾವೊ ಕೋಳಿಯ ಕಾಲು ಬಿಟ್ಟು ಕೈ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, "ದಾರ ಕಟ್ಟೋದೂ ನೀನೇ, ನೋಡೋದೂ ನೀನೇ. ನಾನೆಲ್ಲಿ ಇರ್ತೀನಿ?" ಅಂದಳು. ಅದರಲ್ಲಿ ಜಗಳವಿರಲಿಲ್ಲ.

ಲುವಾ ಆ ದಿನವನ್ನು ಕಲ್ಪಿಸಿಕೊಂಡಳು. ಬೆಳಗ್ಗೆ ಒಂದು ಮರಿ ಸತ್ತು ಬಿದ್ದಿದೆ. ಅದರ ಕಾಲಿಗೆ ದಾರವಿಲ್ಲ. ಪಕ್ಕದಲ್ಲಿ ದಾರ ಕಟ್ಟಿದ ಮರಿ ಓಡಾಡುತ್ತಿದೆ. ಮನೆಯಲ್ಲಿ ಯಾರೂ ಎದ್ದಿಲ್ಲ. ದಾರ ಬಿಚ್ಚಿ ಕಟ್ಟಲು ಎಷ್ಟು ಹೊತ್ತು? ತಾನು ಹಾಗೆ ಮಾಡುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಸ್ವಲ್ಪ ಹೊತ್ತಿನ ಹಿಂದೆ ಮುದುರಿ ಎಸೆದ ಹಾಳೆ ಅಲ್ಲೇ ಕಾಲ ಬಳಿ ಬಿದ್ದಿತ್ತು.

"ದಾರ ಬೇಡ," ಅಂದಳು. "ನೀನು ಬಂದಾಗ ಎಷ್ಟು ಇರತ್ತೋ ಅಷ್ಟರಲ್ಲಿ ಅರ್ಧ. ಅಲ್ಲಿವರೆಗೆ ಯಾವುದು ಯಾರದು ಅಂತ ಇಲ್ಲ."

"ನಾನು ತಡವಾಗಿ ಬಂದ್ರೆ?"

"'ಬಂದಾಗ' ಅಂತ ಬರೀತೀನಿ. ತಾರೀಕು ಬೇಡ."

ದಾವೊ ಎರಡು ಸಲ ಓದಿದಳು. ಆಮೇಲೆ ತನ್ನ ಹೆಸರನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ, ಗೆರೆ ದಾಟಿ ಎ ಕಡೆಯವರೆಗೂ ಬರೆದುಬಿಟ್ಟಳು. ಸಾಕ್ಷಿಗೆ ಅಮ್ಮ ಸೈ ಹಾಕಿದಳು. ಹಾಳೆಗೆಲ್ಲ ಮೀನಿನ ವಾಸನೆ.

ಮುಂದಿನ ವಾರ ಕೋಣೆಯ ಕಿಟಕಿ ಮುಚ್ಚಿ, ದಾವೊ ಒಂದೊಂದು ಮೊಟ್ಟೆಯನ್ನೂ ಟಾರ್ಚಿನ ಬಾಯಿಗೆ ಹಿಡಿದಳು. ನಾಲ್ಕರ ಒಳಗೆ ಕೆಂಪು ಎಳೆಗಳು ಜೇಡರ ಬಲೆಯಂತೆ ಹರಡಿದ್ದವು. ಎರಡು ಬರಿದಾಗಿ ಬೆಳಗಿದವು. "ಇವೆರಡು ಏನೂ ಇಲ್ಲ," ಅಂದಳು ದಾವೊ. ಎರಡೇ ದಿನದಲ್ಲಿ ಬಾತುಗಳು ಕಿರುಚುತ್ತ ದೋಣಿ ಹತ್ತಿದವು. ದಾವೊ ಮೊಟ್ಟೆಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ಕೂತಿದ್ದಳು. ಬುಟ್ಟಿ ತುಂಬಿತ್ತು.

"ಹುಳು ಚೆನ್ನಾಗಿ ಜಜ್ಜು!" ಎಂದು ಕಾಲುವೆಯ ತಿರುವಿನಿಂದ ಕೂಗಿದಳು.

ನಾಲ್ಕನೇ ವಾರ ನಾಲ್ಕೂ ಮೊಟ್ಟೆ ಒಡೆದು ಮರಿಗಳು ಹೊರಬಂದವು. ಹಳದಿ ಮರಿಗಳು ಲುವಾಳ ಹಿಂದೆ ಬಚ್ಚಲಿನವರೆಗೂ ಬರುತ್ತಿದ್ದವು. ಒಂದು ಬೆಳಗ್ಗೆ ನುಚ್ಚು ಹಾಕಲು ಹೋದಾಗ ಮೂರು ಓಡಿಬಂದವು. ಇನ್ನೊಂದು ಹುಲ್ಲಿನಲ್ಲಿ ಮಲಗೇ ಇತ್ತು. ಲುವಾ ಅದನ್ನು ಅಂಗೈಯಲ್ಲಿ ಎತ್ತಿಕೊಂಡಳು. ಬಾಳೆಗಿಡದ ಬುಡದಲ್ಲಿ ಗುಂಡಿ ತೋಡುವಾಗ ಅಮ್ಮ ಬಂದು ಪಕ್ಕದಲ್ಲಿ ನಿಂತಳು.

"ಯಾವುದೇ ಅದು?"

"ಸಣ್ಣದು. ನಮ್ಮದು," ಅಂದಳು ಲುವಾ, ಕಣ್ಣು ಒರೆಸಿಕೊಳ್ಳುತ್ತ.

ಮಣ್ಣು ಮುಚ್ಚಿ ಕೈ ತೊಳೆದುಕೊಂಡ ಮೇಲೆ ಉಳಿದ ಮೂರನ್ನು ಕಾಲುವೆಯ ಅಂಚಿಗೆ ಬಿಟ್ಟಳು. ಅವು ಒಂದರ ಹಿಂದೆ ಒಂದು ನೀರಿಗಿಳಿದವು. ದಡದಲ್ಲಿ ಕಂದು ಕೋಳಿ ಗಾಬರಿಯಿಂದ ಅತ್ತಿತ್ತ ಓಡಾಡಿತು.

ಮೂರು. ಮೂರರಲ್ಲಿ ಅರ್ಧ ಎಷ್ಟೆಂದು ಕಾಗದದಲ್ಲಿ ಬರೆದಿರಲಿಲ್ಲ. ಲುವಾ ಗಲ್ಲಕ್ಕೆ ಕೈಕೊಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಬಿಟ್ಟುಬಿಟ್ಟಳು. ಅದನ್ನು ಒಬ್ಬಳೇ ಬರೆಯುವ ಹಾಗಿರಲಿಲ್ಲ. ದಾವೊ ಬರಬೇಕು, ಇಬ್ಬರೂ ಕೂತು ನೋಡಬೇಕು.

ಅವಳು ಚಪ್ಪಲಿ ಬಿಟ್ಟು, ಹುಳು ಹುಡುಕಲು ಗದ್ದೆಗೆ ಇಳಿದಳು.