ಕಣ್ಣಿನ ವ್ಯಾಸ ಹದಿನೇಳು

ಮೀಟಿಂಗಿನಲ್ಲಿ ದೊಡ್ಡ ಮೇಡಂ ಹೊಸ ಮೀನಿನ ಅಳತೆಗಳನ್ನು ಓದುತ್ತಾ, ಕಣ್ಣಿನ ವ್ಯಾಸ ಹದಿನೇಳು ಮಿಲಿಮೀಟರ್ ಎಂದಾಗ ಅಳತೆಗಾರ ತಲೆ ಎತ್ತಿದ.

"ನಾನು ಹೇಳಿದ್ದು ಹನ್ನೊಂದು."

ಮೇಜಿನ ಆ ತುದಿಯಲ್ಲಿ ರಿಜಿಸ್ಟರ್ ಬರೆಯುವವಳು ಕಣ್ಣು ತಗ್ಗಿಸಿದಳು.

ಆಳ ಸಮುದ್ರದ ಮೀನುಗಳನ್ನು ದಾಖಲಿಸುವ ಆ ಕಚೇರಿಯಲ್ಲಿ ಐದು ವರ್ಷದಿಂದ ಅವರಿಬ್ಬರದು ಜೋಡಿ ಕೆಲಸ. ಅವನು ಅಳೆದು ಹೇಳುವುದು, ಅವಳು ರಿಜಿಸ್ಟರಿಗೆ ಬರೆಯುವುದು. ಬಿಸಿಲು ಇಳಿಯದ ನೀರಿನಿಂದ ಅಪರೂಪಕ್ಕೆ ಬಲೆಗೆ ಬರುವ ಕಪ್ಪು ಮೀನುಗಳು ಟ್ರೇಯಲ್ಲಿ ಬಾಯಿ ತೆರೆದು ಮಲಗಿರುತ್ತಿದ್ದವು. ಮೈಯುದ್ದ, ತಲೆಯುದ್ದ, ರೆಕ್ಕೆಯ ಮುಳ್ಳುಗಳ ಲೆಕ್ಕ. ಒಂದೊಂದು ಅಂಕಿಗೂ ಅವನದೊಂದು ತಮಾಷೆ. ಒಮ್ಮೆ ಮೈಗಿಂತ ಬಾಯಿಯೇ ದೊಡ್ಡದಾದ ಒಂದನ್ನು ಅಳೆಯುತ್ತಾ, ಇದು ನಿಮ್ಮ ಬಾಯಿಬಡುಕ ಅಣ್ಣನ ಕಡೆಯ ಸಂಬಂಧವಿರಬೇಕು ಎಂದಿದ್ದ. ಅವಳು ನಗು ತಡೆಯಲಾರದೆ ಗೆರೆಯನ್ನು ಸೊಟ್ಟಗೆ ಎಳೆದಿದ್ದಳು. ಅಳತೆಯ ಕ್ಯಾಲಿಪರಿನ ಮೇಲೆ ಬಗ್ಗಿದ ಅವನ ಹಣೆ, ಅಂಕಿ ಸಿಕ್ಕಿದಾಗ ತುಟಿಯಂಚಿಗೆ ಬರುವ ಸಣ್ಣ ನಗು, ಇವನ್ನು ಕದ್ದು ನೋಡುವುದರಲ್ಲೇ ಅವಳ ಐದು ವರ್ಷ ಹೋಗಿತ್ತು.

ಹಾಗೆ ನೋಡುತ್ತಿದ್ದವಳಿಗೇ ಮೊದಲು ಗೊತ್ತಾದದ್ದು. ಎಂಟು ತಿಂಗಳ ಹಿಂದೆ ಅವನು ಕ್ಯಾಲಿಪರನ್ನು ಮೂಗಿನ ಹತ್ತಿರ ತರತೊಡಗಿದ. ಕನ್ನಡಕ ಹಳೆಯದಾಯಿತು ಎಂದ, ಈ ಟ್ಯೂಬ್‌ಲೈಟೇ ಸರಿಯಿಲ್ಲ ಎಂದ. ಆಮೇಲೆ ತನಗೇ ಗೊತ್ತಿಲ್ಲದೆ ಊಹಿಸತೊಡಗಿದ. ಅವನು ಊಟಕ್ಕೆ ಎದ್ದು ಹೋದಮೇಲೆ ಅವಳು ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಮತ್ತೆ ಅಳೆದು ತಿದ್ದುತ್ತಿದ್ದಳು. ಹೇಳಬೇಕೆಂದು ನೂರು ಸಲ ಬಾಯಿ ತೆರೆದದ್ದುಂಟು. ಹೇಳಿದ ಮರುದಿನ ಅವನ ಸ್ಟೂಲು ಖಾಲಿಯಾಗುತ್ತದೆಂಬ ಭಯಕ್ಕೆ ಮುಂದಿನ ಅಂಕಿ ಕೇಳುತ್ತಿದ್ದಳು.

ಮೇಡಂ ರಿಜಿಸ್ಟರ್ ತಿರುವಿದರು. ಪುಟಪುಟದಲ್ಲೂ ತಿದ್ದಿದ ಗುರುತು. ಯಾರು ತಿದ್ದಿದ್ದು, ಯಾಕೆ ಎಂದು ಕೇಳಿದರು. ತಪ್ಪು ನನ್ನದೇ ಎಂದಷ್ಟೇ ಅವಳು ಹೇಳಿದಳು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದಾಯಿತು.

ಕಾರಿಡಾರಿನಲ್ಲಿ ಅವನು ಅಡ್ಡ ನಿಂತ. "ನೀವು ಬರೆದದ್ದನ್ನ ನಾನು ಒಂದು ದಿನವೂ ತಿರುಗಿಸಿ ನೋಡಲಿಲ್ಲ. ಅಷ್ಟು ನಂಬಿದ್ದೆ."

ಅವಳು ತಲೆ ತಗ್ಗಿಸಿ ಅವನನ್ನು ದಾಟಿ ಹೋದಳು.

ಮೂರು ದಿನ ತುತ್ತು ಇಳಿಯಲಿಲ್ಲ. ಯಾರ ಪಾಪವನ್ನು ಹೊತ್ತುಕೊಂಡು ಕೂತಿದ್ದೀಯೆಂದು ಅಮ್ಮ ಗದರಿದಳು, ಆಮೇಲೆ ತಾನೂ ಊಟ ಬಿಟ್ಟು ಪಕ್ಕದಲ್ಲಿ ಕೂತಳು. ನಿಜ ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನೇ ತನ್ನ ಕೈತಪ್ಪಿ ಹೋಗುತ್ತಾನೆ. ಹಗ್ಗದ ಎರಡು ತುದಿಯೂ ತನ್ನ ಕೊರಳಿಗೇ ಸುತ್ತಿಕೊಂಡಂತೆ ಅವಳಿಗೆ ಅನ್ನಿಸುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ತನ್ನ ಅಂಕಿಯೇ ಸರಿಯೆಂದು ತೋರಿಸಲು ಅವನು ನಿನ್ನೆ ಆ ಮೀನನ್ನು ಎಲ್ಲರ ಮುಂದೆ ಮತ್ತೆ ಅಳೆದನಂತೆ. ಮೂರು ಸಲಕ್ಕೆ ಮೂರು ಅಂಕಿ ಬಂತಂತೆ. ಕೊನೆಗೆ ಕ್ಯಾಲಿಪರನ್ನು ಮೇಡಂ ಕೈಗೇ ಕೊಟ್ಟನಂತೆ. ಅವರು ಅಳೆದಾಗ ಹದಿನೇಳು. ಇವತ್ತು ಬೆಳಿಗ್ಗೆ ಬಂದು ರಾಜೀನಾಮೆ ಬರೆದಿಟ್ಟು ಈಗಷ್ಟೇ ಹೊರಟುಹೋದನಂತೆ. ನೀವು ನಾಳೆಯಿಂದಲೇ ಬನ್ನಿ ಎಂದು ಮೇಡಂ ಹೇಳುತ್ತಿದ್ದುದು ಅವಳ ಕಿವಿಗೆ ಬೀಳಲಿಲ್ಲ. ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು.

ಅವನು ಇನ್ನೂ ಕಚೇರಿಯ ಎದುರಿನ ಬಸ್‌ಸ್ಟಾಪಿನಲ್ಲೇ ಇದ್ದ. ಬಸ್ಸುಗಳ ನಂಬರು ಕಾಣುತ್ತಿರಲಿಲ್ಲ, ಯಾರನ್ನಾದರೂ ಕೇಳಲು ಅಭಿಮಾನ ಬಿಡುತ್ತಿರಲಿಲ್ಲ. ಅವಳು ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತಳು. ಉಸಿರಿನಲ್ಲೇ ಅವನಿಗೆ ಗುರುತು ಸಿಕ್ಕಿತು.

"ಎಷ್ಟು ದಿನದಿಂದ ಗೊತ್ತಿತ್ತು?"

"ಎಂಟು ತಿಂಗಳು."

"ಹೇಳಬಹುದಿತ್ತಲ್ಲ."

"ಹೇಳಿದ್ರೆ ಹೋಗಿಬಿಡ್ತಿದ್ರಿ. ನೀವಿಲ್ಲದ ಆ ರೂಮಿನಲ್ಲಿ ನಾನು ಏನಂತ ಬರೀಲಿ?" ಅವಳು ಅವನತ್ತ ತಿರುಗಿದಳು. "ಮೀನಿಗೋಸ್ಕರ ಅಲ್ಲ ನಾನು ತಿದ್ದಿದ್ದು."

ಅವನು ಕನ್ನಡಕ ತೆಗೆದು ಜೇಬಿಗಿಟ್ಟ. ನಿನ್ನೆ ಸಂಜೆ ಡಾಕ್ಟರ ಹತ್ತಿರ ಹೋಗಿದ್ದನ್ನು ಹೇಳಿದ. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು. ಅಷ್ಟರೊಳಗೆ ಪೂರ್ತಿ ಕತ್ತಲೆಯಂತೆ.

"ನನ್ನ ಜೊತೆ ನೀನೂ ಯಾಕೆ ಮುಳುಗ್ತೀಯ? ಮನೆಗೆ ಹೋಗು." ಐದು ವರ್ಷದಲ್ಲಿ ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಹೋಗಲ್ಲ."

"ನನ್ನಿಂದ ನಿನಗೆ ಏನೂ ಸಿಗಲ್ಲ."

"ನಾನು ಕೇಳಲೂ ಇಲ್ಲ."

ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು. ಅದರ ಹಣೆಯ ಮೇಲೆ ಅವನ ಮನೆಯ ಕಡೆಯ ನಂಬರು ದೊಡ್ಡದಾಗಿತ್ತು. ಯಾವುದು ಬಂತು ಎಂದು ಅವನು ಕೇಳಿದ. ಬೇರೆ ಯಾವುದೋ ಎಂದು ಹೇಳಿಬಿಟ್ಟರೆ ಸಾಕಿತ್ತು, ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಅವಳು ನಂಬರನ್ನು ಮತ್ತೊಮ್ಮೆ ಓದಿಕೊಂಡಳು.

"ನಿಮ್ಮದೇ," ಎಂದಳು. "ಇನ್ನು ನಿಮಗೆ ಸುಳ್ಳು ಹೇಳಲ್ಲ."

ಕಂಡಕ್ಟರ್ ಸೀಟಿ ಊದಿದ. ಅವನು ಏಳಲಿಲ್ಲ. ಬೆಂಚಿನ ಮೇಲೆ ತಡವರಿಸುತ್ತಾ ಬಂದ ಅವನ ಕೈ ಅವಳ ಬೆರಳುಗಳನ್ನು ಹುಡುಕಿ ಹಿಡಿಯಿತು.

"ಹೋಗಲಿ ಬಿಡು," ಎಂದ.